ಕೊಡೆ ಪ್ರಕರಣದ ತ್ವರಿತ ವಿಲೇವಾರಿ

ನ್ಯಾಯದಾನ ವಿಳಂಬವಾಗುತ್ತಿದೆ ಎಂದು ಕೊರಗುವವರು ಒಮ್ಮೆ ಮಂಗಳೂರಿಗೆ ಬಂದು ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಸೇರಿಕೊಳ್ಳಬೇಕು. ಕಳೆದ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಕಳ್ಳತನದ ಪ್ರಕರಣವೊಂದನ್ನು ನಾವು ದೂರು, ತನಿಖೆ, ವಿಚಾರಣೆ, ತೀರ್ಪು ಮತ್ತು ಶಿಕ್ಷೆಯ ಸಮೇತ 28 ನಿಮಿಷಗಳಲ್ಲಿ ಮುಗಿಸಿದೆವು. ಆರೋಪಿಯು ಆ ಹೊತ್ತಿಗೆ ಗಂಜಿ ಊಟ ಮುಗಿಸಿ ಮಲಗಿದ್ದರು. ಅವರನ್ನು ಎಬ್ಬಿಸಿ ತೊಂದರೆ ಕೊಡುವುದು ಬೇಡವೆಂಬ ಸೌಜನ್ಯವನ್ನು ಗ್ರೂಪಿನ ಸಕಲ ಸದಸ್ಯರೂ ತೋರಿದರು.

ಪ್ರಕರಣದ ಸಾಕ್ಷ್ಯವೆಂದರೆ 14 ಸೆಕೆಂಡುಗಳ ಒಂದು ವಿಡಿಯೊ. ಹಂಪನಕಟ್ಟೆಯ ಸಮೀಪದ ಹೋಟೆಲೊಂದರ ಬಾಗಿಲಿನಲ್ಲಿ, ಮಳೆಗಾಲದ ವ್ಯವಸ್ಥೆಯಾಗಿ, ನೀಲಿ ಪ್ಲಾಸ್ಟಿಕ್ ಬಕೆಟ್ಟೊಂದಿದೆ. ಅದರೊಳಗೆ ನೀರು ತೊಟ್ಟಿಕ್ಕುವ ಹತ್ತು ಹನ್ನೆರಡು ಕೊಡೆಗಳು ನಿಂತಿವೆ. ಈ ಊರಿನ ಸಂಪ್ರದಾಯದಂತೆ ಎಲ್ಲವೂ ಕಪ್ಪು. ಅರ್ಧ ತೋಳಿನ ಬಿಳಿ ಅಂಗಿಯ ಹಿರಿಯರೊಬ್ಬರು ಕರವಸ್ತ್ರದಿಂದ ಬಾಯಿ ಒರೆಸುತ್ತ ಹೊರಬರುತ್ತಾರೆ, ಒಂದು ಕೊಡೆಯನ್ನು ಎತ್ತಿ ಹಿಡಿಕೆಯನ್ನು ನೋಡುತ್ತಾರೆ, ಅದನ್ನು ಮರಳಿ ಬಕೆಟ್ಟಿಗೆ ಹಾಕಿ ಇನ್ನೊಂದನ್ನು ಎತ್ತಿ ಬಿಡಿಸಿಕೊಂಡು ಮಳೆಗೆ ಇಳಿಯುತ್ತಾರೆ. ಅಷ್ಟೇ. ಕೊಡೆ ಕಳೆದುಕೊಂಡ ಇನ್ನೊಬ್ಬ ಗಿರಾಕಿಯು ಕ್ಯಾಶಿಯರನನ್ನು ಪುಸಲಾಯಿಸಿ, ಸಿಸಿಟಿವಿಯ ಪರದೆಯ ಮೇಲೆ ಓಡುತ್ತಿದ್ದ ಈ ದೃಶ್ಯವನ್ನು ತನ್ನ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದರಿಂದ, ಅದರ ಒಂದು ಮೂಲೆಯಲ್ಲಿ ಕ್ಯಾಶಿಯರನ ಹೆಬ್ಬೆರಳೂ ಹಿನ್ನೆಲೆಯಲ್ಲಿ ಕಾವಲಿಯ ಮೇಲೆ ದೋಸೆ ಹುಯ್ಯುವ ಸದ್ದೂ ಸೇರಿಕೊಂಡಿದ್ದವು.

ರಾತ್ರಿ 9.12ಕ್ಕೆ ವಿಡಿಯೊ ಗ್ರೂಪಿಗೆ ಬಂತು. ದೃಶ್ಯದಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಹಿರಿಯರ ಸುತ್ತ ಕೆಂಪು ವೃತ್ತವೊಂದನ್ನು ಎಳೆದು, ಅದೂ ಸಾಲದೆಂದು ಬಾಣದ ಗುರುತನ್ನೂ ಹಾಕಲಾಗಿತ್ತು. ಐದು ನಿಮಿಷಗಳಲ್ಲಿ ಗುರುತು ಪತ್ತೆಯಾಯಿತು: “ಇವರು ನಮ್ಮ ಬ್ಯಾಂಕ್ ಮ್ಯಾನೇಜರ್ರಲ್ವಾ ಮಾರ್ರೆ? ನಡಿಗೆ ಅವರದ್ದೇ.” ಒಂದು ಕೊಡೆಯನ್ನು ಬಿಟ್ಟು ಇನ್ನೊಂದನ್ನು ಎತ್ತಿದ್ದು ‘ಆರಿಸಿ ಕದ್ದದ್ದು’ ಎಂದು ಸಾಬೀತಾಗಲು ಮತ್ತೆ ಮೂರು ನಿಮಿಷ ಹಿಡಿಯಿತು. ಬಳಿಕ ಪೂರ್ವಾಪರಗಳ ತನಿಖೆ ನಡೆದು, ಅವರು ಕೆಲಸದಲ್ಲಿದ್ದಾಗ ಯಾರದೋ ಮಗನ ಎಜುಕೇಶನ್ ಲೋನಿಗೆ ಮೂರು ಸಲ ಅಲೆದಾಡಿಸಿದ್ದರೆಂಬ ಗಂಭೀರ ವಿಷಯ ಬೆಳಕಿಗೆ ಬಂತು. “ಆಗಲೇ ನನಗೆ ಡೌಟ್ ಇತ್ತು” ಎಂದು ಆ ಮಗನ ತಂದೆ ಬರೆದರು. 9.40ಕ್ಕೆ ತೀರ್ಪು ಹೊರಬಿತ್ತು: “ಪೆನ್ಷನ್ ಬರ್ತದೆ, ಮಗ ಮಸ್ಕತ್ತಿನಲ್ಲಿದ್ದಾನೆ, ಬುದ್ಧಿ ಮಾತ್ರ ಇಷ್ಟೇ.” ನಡುವೆ ಒಬ್ಬ ಹೆಂಗಸು, “ಅವರದ್ದೇ ಕೊಡೆ ಆಗಿರಬಹುದಲ್ಲ?” ಎಂದು ಕೇಳಿದ್ದುಂಟು. “ಅಕ್ಕಾ, ನಿಮಗೆ ಅವರು ಸಂಬಂಧವಾ?” ಎಂಬ ಮರುಪ್ರಶ್ನೆ ಬಂದ ಮೇಲೆ ಅವರು ಮತ್ತೆ ಮಾತಾಡಲಿಲ್ಲ. ನಾನಾದರೋ ಅಂಕಣಕಾರನಿಗೆ ಸಹಜವಾದ ಸಂಯಮದಿಂದ, ಯಾವುದೇ ಅಭಿಪ್ರಾಯ ಹೇಳದೆ, ವಿಡಿಯೊವನ್ನು ಎರಡೇ ಎರಡು ಗ್ರೂಪುಗಳಿಗೆ ಕಳಿಸಿ ಸುಮ್ಮನಾದೆ.

ಇದನ್ನು ನ್ಯಾಯಾಲಯದ ಕ್ರಮದೊಂದಿಗೆ ಹೋಲಿಸಿದರೆ ನಮ್ಮ ಪ್ರಗತಿ ಎದ್ದು ಕಾಣುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಸಿಸಿಟಿವಿಯಿಂದ ತೆಗೆದ ಪ್ರತಿಯೊಂದನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ, ಅದು ಯಾವ ಯಂತ್ರದಿಂದ ಬಂತು, ಯಂತ್ರ ಸರಿಯಾಗಿತ್ತೇ, ಪ್ರತಿಯನ್ನು ತಿದ್ದಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವೇನು ಎಂಬುದನ್ನೆಲ್ಲ ಬರೆದು ಸಹಿ ಹಾಕಿದ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಕೆಂಪು ವೃತ್ತವೇ ಪ್ರಮಾಣಪತ್ರ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು ನಾವು. ಚೆಕ್ಕಿನ ಮೇಲಿನ ಸಹಿ ಒಂದಿಷ್ಟು ವಾಲಿದರೂ ನೂರು ರೂಪಾಯಿ ಕೊಡದೆ ಹಿಂದಕ್ಕೆ ಕಳಿಸುವ ಶಿಸ್ತು ನಮ್ಮ ರಕ್ತದಲ್ಲಿದೆ. ಆದರೆ ಅದು ದುಡ್ಡಿನ ವಿಷಯಕ್ಕೆ. ಮಾನದ ಖಾತೆಯಿಂದ ಯಾರು ಬೇಕಾದರೂ, ಎಷ್ಟು ಬೇಕಾದರೂ ತೆಗೆಯಬಹುದು. ಅಲ್ಲಿ ಸಹಿ ನೋಡುವ ಪದ್ಧತಿಯಿಲ್ಲ.

ಮರುದಿನ ಬೆಳಿಗ್ಗೆ ಪ್ರಕರಣವು ಸ್ಥಳೀಯ ಯೂಟ್ಯೂಬ್ ಸುದ್ದಿವಾಹಿನಿಯೊಂದಕ್ಕೆ ವರ್ಗಾವಣೆಯಾಯಿತು. ‘ಕೊಡೆಯ ಹಿಂದೆ ಕರಾಳ ಮುಖ?’ ಎಂಬುದು ತಲೆಬರಹ. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಓದುಗರು ಗಮನಿಸಬೇಕು. ಅದು ವ್ಯಾಕರಣದ ಚಿಹ್ನೆಯಲ್ಲ, ಸಂಪಾದಕರು ಮುಂಚಿತವಾಗಿ ಪಡೆದಿಟ್ಟುಕೊಳ್ಳುವ ನಿರೀಕ್ಷಣಾ ಜಾಮೀನು. ಈ ವಾಹಿನಿಗಳ ಚರ್ಚೆಯನ್ನು ಕೆಲವರು, ಯಕ್ಷಗಾನದ ಪಾತ್ರಗಳು ವೇಷವಿಲ್ಲದೆ ಕುಳಿತು ವಾದಿಸುವ ತಾಳಮದ್ದಳೆಗೆ ಹೋಲಿಸುತ್ತಾರೆ, ಅದು ತಾಳಮದ್ದಳೆಗೆ ಮಾಡುವ ಅಪಚಾರ. ತಾಳಮದ್ದಳೆಯಲ್ಲಿ ಕೌರವನ ಅರ್ಥಧಾರಿಗೂ ಕುಳಿತುಕೊಳ್ಳಲು ಜಾಗ, ಮಾತಾಡಲು ಸಮಯ ಇರುತ್ತದೆ. ಅವನು ಸೋಲುತ್ತಾನೆಂಬುದು ಸಭೆಗೆಲ್ಲ ಗೊತ್ತಿದ್ದರೂ ನಡುರಾತ್ರಿಯವರೆಗೆ ಅವನ ವಾದವನ್ನು ಕೇಳಿಸಿಕೊಳ್ಳುತ್ತಾರೆ, ಒಳ್ಳೆಯ ಮಾತಿಗೆ ತಲೆದೂಗುತ್ತಾರೆ. ಇಲ್ಲಿ ನಿರೂಪಕರೇ ಭಾಗವತರು, ಅವರದೇ ಚೆಂಡೆ, ಅವರೇ ಕೃಷ್ಣ, ಅವರೇ ಭೀಮ. ಕೌರವನಿಗೆ ಆಹ್ವಾನವೇ ಹೋಗಿರುವುದಿಲ್ಲ. “ಅವರನ್ನು ಸಂಪರ್ಕಿಸಲು ಪ್ರಯತ್ನಿಸಿದೆವು, ಸಿಗಲಿಲ್ಲ” ಎಂಬ ಒಂದು ಮಾತು ಮಾತ್ರ ಪ್ರಸಂಗದ ಕೊನೆಗೆ ಮಂಗಳಪದ್ಯದಂತೆ ಬರುತ್ತದೆ.

ಇದೇ ಊರಿನಲ್ಲಿ 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಅದು ಪಾಕ್ಷಿಕ, ಕಲ್ಲಚ್ಚಿನಲ್ಲಿ ಮುದ್ರಣ. ಒಬ್ಬನ ಮಾನ ಕಳೆಯಬೇಕೆಂದು ಅಂದು ಯಾರಿಗಾದರೂ ಅನಿಸಿದ್ದರೆ ಅವನು ಅದನ್ನು ಕೈಯಿಂದ ಬರೆದು, ಕಲ್ಲಿಗೆ ಇಳಿಸಿ, ಮಸಿ ಹಚ್ಚಿ, ಹದಿನೈದು ದಿನ ಕಾಯಬೇಕಿತ್ತು. ಇಷ್ಟು ಶ್ರಮಪಟ್ಟು ಸುಳ್ಳು ಹೇಳುವ ಉತ್ಸಾಹ ಎಷ್ಟು ಜನರಿಗೆ ಉಳಿದೀತು! ಇಂದು ಕಲ್ಲು ಎತ್ತುವ ಕಷ್ಟವಿಲ್ಲ, ಎಸೆಯುವ ಸುಖವೊಂದೇ ಇದೆ.

ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದೂ ಜುಲೈ 1ರಂದೇ, 2024ರಲ್ಲಿ. ಅದರ 356ನೇ ಕಲಮು ಮಾನಹಾನಿಗೆ ಎರಡು ವರ್ಷದವರೆಗಿನ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡನ್ನೂ ವಿಧಿಸುವುದಲ್ಲದೆ, ಹೊಸದಾಗಿ ಸಮುದಾಯ ಸೇವೆಯ ಶಿಕ್ಷೆಗೂ ಅವಕಾಶ ಕೊಟ್ಟಿದೆ. ಇದನ್ನು ನಮ್ಮ ಗ್ರೂಪಿನ ಅಡ್ಮಿನ್ ಅವರಿಗೆ ನಾನು ವಿನಯದಿಂದ ತಿಳಿಸಿದೆ. ಅವರು ಸ್ವಲ್ಪವೂ ವಿಚಲಿತರಾಗದೆ, “ನಾವು ಈಗ ಮಾಡ್ತಾ ಇರುವುದು ಮತ್ತೆಂತ ಮಾರ್ರೆ, ಸಮುದಾಯ ಸೇವೆಯೇ ಅಲ್ವಾ?” ಎಂದರು.

ಖಾಸಗಿತನದ ಬಗ್ಗೆಯೂ ಒಂದು ಮಾತು ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಒಂಬತ್ತು ನ್ಯಾಯಮೂರ್ತಿಗಳು ಕುಳಿತು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ಐದು ವರ್ಷ ಹಿಡಿದ ಆ ಹಕ್ಕನ್ನು ನಮ್ಮ ಗ್ರೂಪು ಹನ್ನೊಂದು ನಿಮಿಷಗಳಲ್ಲಿ, 9.20ರಿಂದ 9.31ರ ಒಳಗೆ, ಇತ್ಯರ್ಥಪಡಿಸಿತು. ಮ್ಯಾನೇಜರರ ಸ್ಕೂಟರಿನ ನಂಬರು, ಮನೆಯ ಗೇಟಿನ ಚಿತ್ರ, ಮಗಳ ವಿಚ್ಛೇದನದ ಸಂಗತಿ, ಅವರು ತಿನ್ನುವ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಒಂದಾದ ಮೇಲೊಂದರಂತೆ ಬಂದವು. ಕೊಡೆಗೂ ಮಾತ್ರೆಗೂ ಇರುವ ಸಂಬಂಧವನ್ನು ಯಾರೂ ಕೇಳಲಿಲ್ಲ. ಅದೇ 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು ತಂದೆಯೊಬ್ಬರ ಅರ್ಜಿಯ ಮೇಲೆ, ತನ್ನ ಆದೇಶವೊಂದರಲ್ಲಿದ್ದ ಅವರ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಸೂಚಿಸಿತ್ತು. ಹೈಕೋರ್ಟಿಗಾದರೆ ರಿಜಿಸ್ಟ್ರಿ ಇದೆ. ನಮ್ಮ ಗ್ರೂಪಿನಲ್ಲಿ ಮರೆಯಬೇಕೆಂದು ಯಾರಿಗೆ ಅರ್ಜಿ ಕೊಡುವುದು?

ಮೂರನೆಯ ದಿನ ದೂರುದಾರರ ಕೊಡೆ ಸಿಕ್ಕಿತು. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬರುವ ಸಿಟಿ ಬಸ್ಸಿನಲ್ಲಿ ಅವರೇ ಅದನ್ನು ಮರೆತು ಇಳಿದಿದ್ದರು, ಕಂಡಕ್ಟರ್ ತೆಗೆದಿಟ್ಟಿದ್ದ. ಕೊಡೆಯಿಲ್ಲದೆ ಹೋಟೆಲಿಗೆ ಬಂದವರು ಕೊಡೆ ಕಳೆದುಕೊಂಡದ್ದು ಹೀಗೆ. ಮ್ಯಾನೇಜರರು ಒಯ್ದದ್ದು ಅವರದೇ ಕೊಡೆ. ಹಿಡಿಕೆಗೆ ಅವರ ಪತ್ನಿ ಕೆಂಪು ನೂಲು ಸುತ್ತಿದ್ದರು, ಅವರು ನೋಡಿದ್ದೂ ಅದನ್ನೇ. ಈ ವಿವರವನ್ನು ದೂರುದಾರರು ಪ್ರಾಮಾಣಿಕವಾಗಿ ಗ್ರೂಪಿನಲ್ಲಿ ಬರೆದರು. ಅದಕ್ಕೆ ಎರಡು ಹೆಬ್ಬೆರಳುಗಳೂ “ಯಾವ ಕೊಡೆ?” ಎಂಬ ಒಂದು ಪ್ರಶ್ನೆಯೂ ಬಂದವು. ಸುಳ್ಳುಸುದ್ದಿ ಹಬ್ಬಬಾರದೆಂದು ವಾಟ್ಸಾಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಹಾಕಿತು. ವಿಡಿಯೊ ಕಳಿಸುವಾಗ ಜನ ಐದೈದಾಗಿ ಎಣಿಸಿ ಕಳಿಸಿದ್ದರು. ಸ್ಪಷ್ಟೀಕರಣವು ಮಾತ್ರ ಆ ಮಿತಿಯನ್ನು ಅಕ್ಷರಶಃ ಗೌರವಿಸಿತು. ಒಂದು ಕಡೆಗೂ ಹೋಗಲಿಲ್ಲ. ಹೋಗಬಹುದಾಗಿದ್ದ ಎರಡು ಗ್ರೂಪುಗಳು ನನ್ನ ಫೋನಿನಲ್ಲಿಯೇ ಇದ್ದವು ನಿಜ, ಆದರೆ ಅಂದು ನನಗೆ ಅಂಕಣ ಬರೆಯುವ ಗಡಿಬಿಡಿ.

ಮ್ಯಾನೇಜರರು ಯಾರ ಮೇಲೂ ದೂರು ಕೊಡಲಿಲ್ಲ. ಒಂದು ವಾರ ಹೊರಗೆ ಕಾಣಿಸಲಿಲ್ಲ. ಆಮೇಲೆ ಪೇಂಟರನೊಬ್ಬನನ್ನು ಹಿಡಿದು, ಕಪ್ಪು ಬಟ್ಟೆಯ ಮೇಲೆ ದೂರದಿಂದಲೇ ಓದಲು ಬರುವಂತೆ ತಮ್ಮ ಹೆಸರನ್ನೂ ಫೋನ್ ನಂಬರನ್ನೂ ಬಿಳಿ ಬಣ್ಣದಲ್ಲಿ ಬರೆಸಿಕೊಂಡರು. ಕಳೆದ ಸೋಮವಾರ ಕಂಕನಾಡಿ ಮಾರುಕಟ್ಟೆಯಲ್ಲಿ ಅವರು ಆ ಕೊಡೆ ಹಿಡಿದು ಬಸಳೆ ಆರಿಸುತ್ತಿದ್ದಾಗ ಯಾರೋ ಹಿಂದಿನಿಂದ ಫೋಟೊ ತೆಗೆದು ಗ್ರೂಪಿಗೆ ಹಾಕಿದರು. ಹೆಸರು, ನಂಬರು ಸ್ಪಷ್ಟವಾಗಿ ಕಾಣುತ್ತಿದ್ದವು. ಸುತ್ತ ಕೆಂಪು ವೃತ್ತವಿತ್ತು.