ಭೂತಾಯಿ ಮೀನಿನ ಕುಸಿತಕ್ಕೆ ಬಿಸಿಯಾದ ಕಡಲೊಂದೇ ಹೊಣೆಯೇ?

ಅರಬ್ಬೀ ಸಮುದ್ರ ಬಿಸಿಯಾದದ್ದೇ ಭೂತಾಯಿ ಮೀನಿನ ಕುಸಿತಕ್ಕೆ ಕಾರಣ, ಆದ್ದರಿಂದ ಮಳೆಗಾಲದ ಮೀನುಗಾರಿಕೆ ನಿಷೇಧ ಅರ್ಥ ಕಳೆದುಕೊಂಡಿದೆ ಎಂದು ಲೇಖನವೊಂದು ವಾದಿಸಿದೆ. ಆ ಮಾತಿನ ಮೊದಲರ್ಧವನ್ನು ಭಾಗಶಃ ಒಪ್ಪುತ್ತೇನೆ, ಉಳಿದರ್ಧವನ್ನು ಒಪ್ಪಲಾರೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಭೂತಾಯಿ ಇಳುವರಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಇದರ ಹಿಂದೆ ಹವಾಮಾನದ ಏರುಪೇರು ಇರುವುದನ್ನು ಗುರುತಿಸಿದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಮರಿಮೀನು ಹಿಡಿಯುವುದರ ವಿರುದ್ಧವೂ ಮತ್ತೆ ಮತ್ತೆ ಎಚ್ಚರಿಸಿದೆ. ಲೇಖನದಲ್ಲಿ ಆ ಎರಡನೆಯ ಎಚ್ಚರಿಕೆಯ ಸುಳಿವೇ ಇಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವು ಭೂತಾಯಿ ಮೊಟ್ಟೆಯಿಡುವ ಕಾಲದ ಮುಖ್ಯ ಭಾಗವನ್ನು ಕಾಯುತ್ತದೆ. ಆದರೆ ಆಗ ಹುಟ್ಟಿದ ಮರಿಗಳು ಬೆರಳುದ್ದ ಆಗುವಷ್ಟರಲ್ಲಿ ಬಲೆಗೆ ಬಿದ್ದು, ಮನೆಯ ಸಾರಿಗೂ ಒದಗದೆ, ಮೀನುಹಿಟ್ಟಿನ ಕಾರ್ಖಾನೆಯ ಲಾರಿ ಹತ್ತುವುದನ್ನು ಬಂದರಿನಲ್ಲಿ ನಾನೇ ಹಲವು ಬಾರಿ ಕಂಡಿದ್ದೇನೆ. ಪ್ರಖರ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದ್ದರೂ ರಾತ್ರಿ ದಡದಲ್ಲಿ ನಿಂತರೆ ದೂರದ ಕಡಲು ಪೇಟೆಯಂತೆ ಹೊಳೆಯುವುದುಂಟು, ಮತ್ತು ಅದರ ನಷ್ಟವನ್ನು ಮೊದಲು ಉಣ್ಣುವವರು ನಾಡದೋಣಿಯವರು.

ನೀರಿನ ಬಿಸಿಯನ್ನು ಮಂಗಳೂರಿನಲ್ಲೋ ಮಲ್ಪೆಯಲ್ಲೋ ಕುಳಿತು ಇಳಿಸಲಾಗದು ಎಂಬುದು ನಿಜವೇ. ಬಲೆಯ ಕಣ್ಣಿನ ಅಳತೆಯನ್ನೂ ಇಳಿಸಿದ ಮೀನಿನ ಗಾತ್ರವನ್ನೂ ಬಂದರಿನ ಧಕ್ಕೆಯಲ್ಲೇ ಪರೀಕ್ಷಿಸುವುದಕ್ಕೆ ಮಾತ್ರ, ಪೆಸಿಫಿಕ್ ಸಾಗರ ಬಿಸಿಯಾಗಿ ಹವಾಮಾನ ಏರುಪೇರಾಗುವ ಯಾವ ಎಲ್ ನಿನೋ ಕೂಡ ಅಡ್ಡಿಯಾಗಿಲ್ಲ.