ಕಲಿಯಲು ಬಂದವರನ್ನು ಕೌಂಟರ್‌ನಲ್ಲಿ ಅಳಿಸಬೇಡಿ

ನಮ್ಮ ಆಸ್ಪತ್ರೆಯ ಫಾರ್ಮಸಿಗೆ ಟ್ರೈನಿಂಗ್‌ಗೆ ಬಂದಿದ್ದ ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಹುಡುಗಿಯೊಬ್ಬಳು ಮೊದಲ ವಾರವೇ ಅತ್ತುಬಿಟ್ಟಳು. ಚೀಟಿಯಲ್ಲಿ ಇದ್ದದ್ದು ಹೈಡ್ರಾಕ್ಸಿಜಿನ್. ಅವಳು ತೆಗೆದದ್ದು ಹೈಡ್ರಾಲಜಿನ್. ಒಂದು ತುರಿಕೆಗೆ, ಇನ್ನೊಂದು ಬಿಪಿಗೆ. ಮಾತ್ರೆ ರೋಗಿಯ ಕೈಗೆ ಹೋಗುವ ಮೊದಲೇ ನಾನು ನೋಡಿದೆ. ಆದರೆ ಪಕ್ಕದಲ್ಲಿದ್ದ ಸೀನಿಯರ್ ಸಾಲಿನಲ್ಲಿ ನಿಂತವರ ಮುಂದೆಯೇ "ಓದೋಕೂ ಬರಲ್ವಾ ನಿನಗೆ?" ಅಂದರು.

ಸಂಜೆ ಅವಳೇ ಬಂದು ಹೇಳಿದಳು. "ಮೇಡಂ, ನನಗೆ ಡಿಸ್ಲೆಕ್ಸಿಯಾ ಇದೆ. ಹೇಳಿದ್ರೆ ವಾಪಸ್ ಕಳಿಸ್ತೀರೇನೋ ಅಂತ ಭಯ ಆಯ್ತು."

ಡಿಸ್ಲೆಕ್ಸಿಯಾ ಎಂದರೆ ಅಕ್ಷರ, ಪದ ಓದಲು ತೊಡಕಾಗುವ ಒಂದು ಕಲಿಕಾ ನ್ಯೂನತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಲಿಖಿತ ಪರೀಕ್ಷೆಗೆ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೊಡಬೇಕೆಂಬ ಮಾರ್ಗಸೂಚಿಯೂ ಇದೆ. ಆದರೆ ಡಿ.ಫಾರ್ಮದವರು 500 ಗಂಟೆ ಟ್ರೈನಿಂಗ್ ಮುಗಿಸಬೇಕಲ್ವಾ? ಅಲ್ಲಿ ಇಂಥ ನ್ಯೂನತೆ ಇರುವವರ ಬಗ್ಗೆ ಯೋಚಿಸುವವರು ಯಾರು?

ನಾವು ಮಾಡಿದ್ದು ದೊಡ್ಡದೇನಲ್ಲ. ಹೆಸರು ಒಂದೇ ಥರ ಇರುವ ಮಾತ್ರೆಗಳನ್ನು ಬೇರೆ ಬೇರೆ ಕಪಾಟಿಗೆ ಹಾಕಿದೆವು. ಹೆಸರಿನಲ್ಲಿ ಬೇರೆಯಾಗುವ ಭಾಗವನ್ನಷ್ಟೇ ಕ್ಯಾಪಿಟಲ್ ಅಕ್ಷರದಲ್ಲಿ ಬರೆದು ಅಂಟಿಸಿದೆವು. ಡಿಸ್ಲೆಕ್ಸಿಯಾ ಇಲ್ಲದವರೂ ಈ ಹೆಸರುಗಳಲ್ಲಿ ಎಡವುತ್ತಾರೆ. ಅದಕ್ಕೇ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿ ಹೀಗೆ ಬರೆಯುತ್ತಾರೆ. ಓಪಿಡಿ ತುಂಬುವ ಮೊದಲು, ಬೆಳಗ್ಗೆ ಒಂದು ಗಂಟೆ ಅವಳಿಗೆ ನಿಧಾನವಾಗಿ ಚೀಟಿ ಓದಿಸಿದೆ. ಹೆಸರು, ಎಷ್ಟು ಎಂ.ಜಿ., ದಿನಕ್ಕೆ ಎಷ್ಟು ಸಲ ಎಂದು ಜೋರಾಗಿ ಹೇಳಿಯೇ ಸ್ಟ್ರಿಪ್ ತೆಗೆಯಬೇಕು. 0.5 ಮತ್ತು 5ರ ನಡುವಿನ ಆ ಚುಕ್ಕೆಯ ಮೇಲೆ ಬೆರಳಿಡಬೇಕು. ಬಾಯಲ್ಲಿ ನಾಲ್ಕು ಕೆಲಸ ಒಟ್ಟಿಗೆ ಹೇಳುವುದನ್ನು ಬಿಟ್ಟು, ಹಾಳೆಯಲ್ಲಿ ಒಂದರ ಕೆಳಗೆ ಒಂದು ಬರೆದುಕೊಟ್ಟೆ.

ಇನ್ನೊಬ್ಬರು ನೋಡದೆ ಮಾತ್ರೆ ಹೊರಗೆ ಹೋಗಬಾರದು ಎಂಬ ನಿಯಮವನ್ನು ಮಾತ್ರ ಅವಳಿಗಾಗಿ ಸಡಿಲ ಮಾಡಲಿಲ್ಲ. ಮಾಡಲೂಬಾರದು.

"ಔಷಧಿ ಕೊಡೋ ಕೆಲಸಕ್ಕೆ ಇಂಥವರು ಯಾಕೆ?" ಎಂದು ಕೇಳುವವರಿದ್ದಾರೆ. ಕಲಿಕಾ ನ್ಯೂನತೆಗೂ ಬುದ್ಧಿಗೂ ಸಂಬಂಧವಿಲ್ಲ. ತಾನು ತಪ್ಪಬಹುದು ಎಂದು ಗೊತ್ತಿರುವುದರಿಂದಲೇ ಆ ಹುಡುಗಿ ಎರಡೆರಡು ಸಲ ನೋಡುತ್ತಿದ್ದಳು. ನನಗೆ ಹೆಚ್ಚು ಭಯ, ಚೀಟಿ ನೋಡುವ ಮೊದಲೇ ಕಪಾಟಿಗೆ ಕೈ ಹಾಕುವವರನ್ನು ಕಂಡರೆ.

ಕಾಲೇಜಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಟ್ರೈನಿಂಗ್‌ಗೆ ಕಳಿಸುವ ಮೊದಲು ವಿದ್ಯಾರ್ಥಿಯನ್ನೇ ಕೂರಿಸಿಕೊಂಡು, ಏನಿದ್ದರೆ ಅನುಕೂಲ ಎಂದು ಕೇಳಿ. ಅವರು ಒಪ್ಪಿದರೆ ಮಾತ್ರ ಆಸ್ಪತ್ರೆಯಲ್ಲಿ ಕಲಿಸುವ ಒಬ್ಬರಿಗೆ ತಿಳಿಸಿ. ಇಡೀ ಸ್ಟಾಫ್‌ಗೆ ಗೊತ್ತಾಗಬೇಕಿಲ್ಲ.