ಹಳೇ ಸಿನಿಮಾ ಅಂತ ಮೂಗು ಮುರಿಯುವವರಿಗೆ

ನಿನ್ನೆ ರಾತ್ರಿ ಆರ್ಲ್ಯಾಂಡೊದಿಂದ ವಾಪಸ್ ಬಂದೆವು. ಬಟ್ಟೆ ಇನ್ನೂ ಸೂಟ್‌ಕೇಸಿನಲ್ಲೇ ಇದೆ. ಮಗನ ಒಂದು ಚಪ್ಪಲಿ ಸಿಕ್ಕಿಲ್ಲ. ಆದರೂ ಇದನ್ನು ಬರೆದೇ ಮಲಗುತ್ತೇನೆ, ಇಲ್ಲಾಂದ್ರೆ ನಿದ್ದೆ ಬರುವುದಿಲ್ಲ.

ಶನಿವಾರ ಅಲ್ಲಿನ ಡಿಸ್ನಿ ಪಾರ್ಕುಗಳಲ್ಲೊಂದಾದ ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಇಂಡಿಯಾನಾ ಜೋನ್ಸ್ ಸ್ಟಂಟ್ ಶೋ ನೋಡಿದೆವು. ಹಳೇ ಗುಡಿ, ನಿಧಿ ಅಂತ ಹುಡುಕಿಕೊಂಡು ಹೋಗುವ ಸಾಹಸಿಯೊಬ್ಬನ ಹಾಲಿವುಡ್ ಸಿನಿಮಾ ಸರಣಿ ಅದು. ನಾನು, ಒಂಬತ್ತು ವರ್ಷದ ಮಗ, ಸಾಗರದಿಂದ ಬಂದಿರುವ ನಮ್ಮತ್ತೆ. ಮಗ ಆ ಸಿನಿಮಾಗಳಲ್ಲಿ ಒಂದನ್ನೂ ನೋಡಿಲ್ಲ. ಅತ್ತೆಗಂತೂ ಹೆಸರೂ ಗೊತ್ತಿಲ್ಲ. ಬಿಸಿಲಿಗೆ ಸಾಕಾಗಿತ್ತು, ನೆರಳಿದೆ, ಕೂರಲು ಜಾಗ ಇದೆ ಅಂತ ಒಳಗೆ ಹೋದವರು ನಾವು.

ಶುರುವಾಗುವುದೇ ಹಳೇ ಗುಡಿಯೊಂದರ ಒಳಗೆ. ಮೇಲಿಂದ ಹಗ್ಗ ಹಿಡಿದು ಒಬ್ಬ ಇಳಿಯುತ್ತಾನೆ. ಕಾಲಿಟ್ಟಲ್ಲೆಲ್ಲ ಭರ್ಜಿ ಮೇಲೇಳುತ್ತದೆ. ಚಿನ್ನದ ಬೊಂಬೆಗೆ ಕೈ ಹಾಕುತ್ತಾನೆ, ಎಲ್ಲ ಅಲುಗಾಡುತ್ತದೆ, ಎರಡಾಳು ಎತ್ತರದ ಗುಂಡು ಬಂಡೆ ಅವನ ಹಿಂದೆಯೇ ಉರುಳಿಕೊಂಡು ಬರುತ್ತದೆ. ನನ್ನ ಮಗ ಎದ್ದು ನಿಂತುಬಿಟ್ಟ. ಆಮೇಲೆ ದೀಪ ಹಾಕಿ ನಿರ್ದೇಶಕರ ಪಾತ್ರದವರು ‘ಕಟ್’ ಅನ್ನುತ್ತಾರೆ. ಕೆಲಸದವರು ಬಂದು ಅದೇ ಬಂಡೆಯನ್ನು ವಾಪಸ್ ಮೇಲಕ್ಕೆ ತಳ್ಳಿಕೊಂಡು ಹೋಗುತ್ತಾರೆ. ಗುಡಿ ಪೂರ್ತಿ ಚಕ್ರದ ಮೇಲೆ ಹಿಂದಕ್ಕೆ ಸರಿಯುತ್ತದೆ. ಅದರ ಹಿಂದೆ ಕೈರೋದ ಸಂತೆಬೀದಿ! ನಮ್ಮ ಜನ ಇದನ್ನು ನೋಡಿದಾಗಲೂ ಉಸಿರು ಬಿಗಿಹಿಡಿದೇ ಕೂತಿದ್ದರು. ಗುಟ್ಟು ಬಿಟ್ಟುಕೊಟ್ಟ ಮೇಲೂ ಮುಂದಿನ ಮೋಸಕ್ಕೆ ಬೀಳುತ್ತೇವೆ ನೋಡಿ, ಅದು ಎಂಥಾ ಕೆಲಸಗಾರಿಕೆ!

ಕೊನೆಯಲ್ಲಿ ವಿಮಾನದ ಹತ್ತಿರ ಹೊಡೆದಾಟ, ಪೆಟ್ರೋಲಿಗೆ ಬೆಂಕಿ, ಸ್ಫೋಟ. ಅದರ ಕಾವು ನಮ್ಮ ಸಾಲಿನವರೆಗೂ ಬಂತು. ಮುಖಕ್ಕೆ ಒಲೆಯ ಬಾಗಿಲು ತೆಗೆದ ಹಾಗಾಯಿತು. ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, “ಇದೇನೇ ಮಾರಾಯ್ತಿ, ನಿಜವಾದ ಬೆಂಕಿ!” ಅಂದರು. ಬಳೆ ಒತ್ತಿದ ಗುರುತು ಸಂಜೆವರೆಗೂ ಇತ್ತು.

ಈ ಶೋ ಶುರುವಾಗಿದ್ದು 1989ರಲ್ಲಿ. ನಾನು ಆಗ ಎರಡನೇ ಕ್ಲಾಸು.

ಸರಿ, ಅದೇ ರಾತ್ರಿ ಪರಿಚಯದವರ ಮನೆಯಲ್ಲಿ ಊಟ. ನಾಲ್ಕೈದು ಕನ್ನಡದ ಕುಟುಂಬಗಳು. ಮಾತು ಪಾರ್ಕುಗಳ ಕಡೆ ಹೊರಳಿತು. ಡಿಸ್ನಿಯದೇ ಇನ್ನೊಂದು ಪಾರ್ಕಾದ ಅನಿಮಲ್ ಕಿಂಗ್‌ಡಮ್‌ನಲ್ಲಿ ಡೈನೋಸಾರ್ ರೈಡ್ ಮುಚ್ಚಿ ಆ ಜಾಗಕ್ಕೆ ಇಂಡಿಯಾನಾ ಜೋನ್ಸ್ ತರುತ್ತಿದ್ದಾರೆ, 2027ಕ್ಕೆ ತೆರೆಯುತ್ತಾರಂತೆ ಅನ್ನುವ ವಿಷಯ ಬಂತು. ಒಬ್ಬರು ತಟ್ಟೆಯಿಂದ ತಲೆ ಎತ್ತದೆಯೇ ಅಂದರು: “ಆ ಮುದುಕನ ಸಿನಿಮಾ ಈಗಿನ ಮಕ್ಕಳಲ್ಲಿ ಯಾರಿಗ್ರೀ ಬೇಕು? ದುಡ್ಡು ದಂಡ.” ಎಲ್ಲರೂ ಹೌದು ಹೌದು ಅಂದರು. ನನ್ನ ಮಗ ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅವರ ಮಕ್ಕಳಿಗೆ ದಿಂಬನ್ನು ಉರುಳಿಸಿ ಬಂಡೆಯ ಕಥೆ ಹೇಳುತ್ತಿದ್ದ!

ನಾನು ಬಾಯಿ ಬಿಡಲಿಲ್ಲ. ಹೊಸ ಪರಿಚಯ, ಅವರ ಮನೆ ಊಟ, ಹೇಗೆ ಜಗಳ ಆಡುವುದು? ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಳೇ ಸಿನಿಮಾ, ಹಳೇ ಸಿನಿಮಾ. ಹಳೆಯದು ಸಿನಿಮಾ ಸ್ವಾಮಿ, ರೈಡ್ ಅಲ್ಲ. ಇವೆರಡು ಬೇರೆ ಬೇರೆ ಅಂತ ಜನರಿಗೆ ಯಾಕೆ ಹೊಳೆಯುವುದಿಲ್ಲ?

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿರುವ ಇಂಡಿಯಾನಾ ಜೋನ್ಸ್ ರೈಡನ್ನೇ ತಗೊಳ್ಳಿ. ಅದು ತೆರೆದದ್ದು 1995ರ ಮಾರ್ಚಿನಲ್ಲಿ. ಮೂರನೇ ಸಿನಿಮಾ ಬಂದು ಹೋಗಿ ಆರು ವರ್ಷ ಆಗಿತ್ತು. ನಾಲ್ಕನೆಯದು ಬಂದದ್ದು 2008ರಲ್ಲಿ. ಅಂದರೆ ಮೊದಲ ಹದಿಮೂರು ವರ್ಷ ಆ ರೈಡಿಗೆ ಒಂದು ಹೊಸ ಸಿನಿಮಾದ ಆಸರೆಯೂ ಇರಲಿಲ್ಲ. ಜನ ಸಾಲು ಹಚ್ಚುವುದನ್ನು ಬಿಟ್ಟರಾ? ಇಲ್ಲ. ಇವತ್ತಿಗೂ ಬಿಟ್ಟಿಲ್ಲ.

ಯಾಕೆ ಗೊತ್ತಾ? ಆ ರೈಡಿನ ಕಥೆ ಯಾವ ಸಿನಿಮಾದಲ್ಲೂ ಇಲ್ಲ. ಮಾರಾ ಅನ್ನುವ ದೇವತೆಯ ಗುಡಿ, ಅದರ ಕಣ್ಣನ್ನು ನೋಡಬಾರದು, ನೋಡಿದಿರೋ ಕೆಟ್ಟಿರಿ. ಅಷ್ಟೇ. ಆ ಗುಡಿ ಇರುವುದು ಭಾರತದ ಯಾವುದೋ ಕಳೆದುಹೋದ ನದೀಮುಖದಲ್ಲಂತೆ. ಸಿನಿಮಾ ನೋಡದವರಿಗೂ ಇದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ನಮ್ಮ ಅಜ್ಜಿಯಂದಿರು ಹೇಳುತ್ತಿದ್ದ ಕಥೆಯಲ್ಲೂ ಮುಟ್ಟಬಾರದ ಪೆಟ್ಟಿಗೆ, ತೆಗೆಯಬಾರದ ಬಾಗಿಲು ಇದ್ದೇ ಇರುತ್ತಿತ್ತು ಅಲ್ವಾ?

ನಾನು ಅದನ್ನು ಹತ್ತಿದ್ದು ಮದುವೆಯಾಗಿ ಬಂದ ಹೊಸದರಲ್ಲಿ. ಸಾಲಿನಲ್ಲೇ ಅರ್ಧ ಮಜಾ. ಗುಹೆಯಂಥ ದಾರಿ ಉದ್ದಕ್ಕೂ ಹೋಗುತ್ತದೆ, ಗೋಡೆ ತುಂಬ ವಿಚಿತ್ರ ಅಕ್ಷರ. ಅದು ಸುಮ್ನೆ ಗೀಚಿದ್ದಲ್ಲ, ಪ್ರತಿ ಗುರುತಿಗೂ ಒಂದು ಇಂಗ್ಲಿಷ್ ಅಕ್ಷರ, ಕೂಡಿಸಿ ಓದಬಹುದು. ಆಮೇಲೆ ಜೀಪ್. ಅದು ಹಳಿಯ ಮೇಲೆ ಜಾರುವ ಮಾಮೂಲಿ ಬಂಡಿ ಅಲ್ಲ. ಚಕ್ರದ ಗಾಡಿಯ ಮೇಲೆ ಕೂರುವ ಭಾಗವನ್ನು ಹೈಡ್ರಾಲಿಕ್ ಜ್ಯಾಕುಗಳ ಮೇಲೆ ನಿಲ್ಲಿಸಿದ್ದಾರೆ. ನೆಲ ನುಣ್ಣಗಿದ್ದರೂ ಗಾಡಿ ಎಗರುತ್ತದೆ, ವಾಲುತ್ತದೆ, ನಡುಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೊಸನಗರದ ಕಡೆ ಬಾಡಿಗೆ ಜೀಪಿನಲ್ಲಿ ಹೋದವರಿಗೆ ಆ ಕುಲುಕಾಟ ಚೆನ್ನಾಗಿ ಗೊತ್ತು. ಕೊನೆಗೆ ಎದುರಿನಿಂದ ಬಂಡೆ. ನಮ್ಮ ಜೀಪು ಹಿಂದೆ ಸರಿಯಿತು ಅಂತ ನಾನು ಆಣೆ ಮಾಡಿ ಹೇಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಓದಿ ತಿಳಿಯಿತು, ಜೀಪು ಸರಿಯುವುದೇ ಇಲ್ಲ, ಸುತ್ತಲಿನ ಗೋಡೆ ಸರಿಯುತ್ತದೆ!

ಈ ಗೋಡೆಗೆ ಯಾವ ವಯಸ್ಸು? ಯಾವ ಹೀರೋನ ಮುಖದ ಸುಕ್ಕು ಅದಕ್ಕೆ ತಟ್ಟುತ್ತದೆ?

ಟೋಕಿಯೊದ ಕಥೆ ಇನ್ನೂ ಚೆನ್ನಾಗಿದೆ. 2001ರಲ್ಲಿ ಡಿಸ್ನಿಸೀ ಪಾರ್ಕ್ ತೆರೆದಾಗ ಅಲ್ಲಿಯೂ ಇಂಥದೇ ರೈಡ್ ಮಾಡಿದರು, ಸ್ಫಟಿಕದ ತಲೆಬುರುಡೆಯ ಗುಡಿ ಅಂತ. ಸ್ಫಟಿಕದ ತಲೆಬುರುಡೆಯ ಸಿನಿಮಾ, ಅಂದರೆ ಆ ನಾಲ್ಕನೆಯದು, ಬಂದದ್ದು ಅದಾಗಿ ಏಳು ವರ್ಷಕ್ಕೆ. ರೈಡ್ ಮೊದಲು, ಸಿನಿಮಾ ಆಮೇಲೆ. ಊಟದ ಮೇಜಿನಲ್ಲಿ ಇದನ್ನು ಹೇಳಬೇಕಿತ್ತು ನಾನು.

ಇನ್ನು ವಾಟರ್‌ವರ್ಲ್ಡ್. 1995ರ ಸಿನಿಮಾ. ಹಾಕಿದ ದುಡ್ಡಿಗೆ ಥಿಯೇಟರಿನಲ್ಲಿ ನೆಲಕಚ್ಚಿತು ಅಂತ ಆಗ ಪೇಪರುಗಳೆಲ್ಲ ಬರೆದವು. ಅದೇ ವರ್ಷ, ಡಿಸ್ನಿಯ ಹಾಗೇ ಪಾರ್ಕುಗಳಿರುವ ಯೂನಿವರ್ಸಲ್‌ನವರು ಹಾಲಿವುಡ್‌ನಲ್ಲಿ ಅದರ ಸ್ಟಂಟ್ ಶೋ ಶುರು ಮಾಡಿದರು. ಗೋಡೆ ದಾಟಿ ಒಂದು ವಿಮಾನ ಬಂದು ನೀರಿಗೆ ಬೀಳುತ್ತದೆ. ಮೂವತ್ತು ವರ್ಷ ಆಯಿತು, ಶೋ ನಡೆಯುತ್ತಲೇ ಇದೆ. ಒಸಾಕಾದಲ್ಲಿದೆ, ಸಿಂಗಪುರದಲ್ಲಿದೆ. ಅಲ್ಲಿ ಕೂತ ಮಕ್ಕಳಲ್ಲಿ ಎಷ್ಟು ಜನ ಆ ಸಿನಿಮಾ ನೋಡಿರಬಹುದು? ಅವರಿಗೆ ಬೇಕಾದ್ದು ಆ ವಿಮಾನ.

“ಅವತಾರ್ ಯಾರಿಗೂ ನೆನಪಿಲ್ಲ” ಅಂತಲೂ ಆಡಿಕೊಂಡಿದ್ದರಲ್ಲ ಜನ? ಸಿನಿಮಾ 2009ರದ್ದು. ಅದರ ಲೋಕವನ್ನೇ ಕಟ್ಟಿದ ಪ್ಯಾಂಡೋರಾ ಅನ್ನುವ ಭಾಗ ಅನಿಮಲ್ ಕಿಂಗ್‌ಡಮ್‌ನಲ್ಲಿ ತೆರೆದದ್ದು 2017ರಲ್ಲಿ. ಎರಡನೇ ಸಿನಿಮಾ ಬಂದದ್ದು 2022ರ ಕೊನೆಗೆ. ನಡುವಿನ ಐದು ವರ್ಷ ಆ ಹಾರುವ ರೈಡಿಗೆ ಜನ ಗಂಟೆಗಟ್ಟಲೆ ಕಾದರು. ಯಾರಿಗೂ ನೆನಪಿಲ್ಲದ ಸಿನಿಮಾಕ್ಕೆ!

ನೀವು ಹೇಳಬಹುದು, ಹಾಗಾದರೆ ಮುಚ್ಚಿದ್ದೂ ಇವೆಯಲ್ಲ ಅಂತ. ಇವೆ. ಯೂನಿವರ್ಸಲ್‌ನ ಬ್ಯಾಕ್ ಟು ದಿ ಫ್ಯೂಚರ್ ಸಿನಿಮಾದ ರೈಡ್ ಫ್ಲಾರಿಡಾದಲ್ಲಿ 1991ರಿಂದ 2007ರವರೆಗೆ ನಡೆದು ಮುಚ್ಚಿತು. ಆ ಜಾಗಕ್ಕೆ ಬಂದದ್ದು ಏನು? ಸಿಂಪ್ಸನ್ಸ್. ಅದು ಟೀವಿಯಲ್ಲಿ 1989ರಿಂದ ಬರುತ್ತಿರುವ ಸರಣಿ. ಹಳೆಯದನ್ನು ತೆಗೆದು ಇನ್ನೊಂದು ಹಳೆಯದನ್ನು ಇಟ್ಟರು. ಡಿಸ್ನಿಯ ಸ್ಟಾರ್ ವಾರ್ಸ್ ಸಿನಿಮಾದ ಹೋಟೆಲ್ 2022ರಲ್ಲಿ ತೆರೆದು ಮರುವರ್ಷವೇ ಮುಚ್ಚಿತು, ಅದೂ ನಿಜ. ಇಬ್ಬರಿಗೆ ಎರಡು ರಾತ್ರಿಗೆ 5 ಸಾವಿರ ಡಾಲರ್ ಹತ್ತಿರ ಕೇಳಿದರೆ ಯಾವ ಕುಟುಂಬ ಹೋಗುತ್ತದೆ? ಅದೇ ಸ್ಟಾರ್ ವಾರ್ಸ್‌ನ ಸ್ಟಾರ್ ಟೂರ್ಸ್ ರೈಡ್ ಡಿಸ್ನಿಲ್ಯಾಂಡಿನಲ್ಲಿ 1987ರಿಂದ ಇದೆ. ಮುಚ್ಚಿದ್ದಕ್ಕೆಲ್ಲ ಸಿನಿಮಾದ ವಯಸ್ಸನ್ನು ಕಾರಣ ಮಾಡುವುದು ಸುಲಭ, ಅಷ್ಟೇ.

ಇಂಡಿಯಾನಾ ಜೋನ್ಸ್‌ನ ಕೊನೆಯ ಸಿನಿಮಾ, 2023ರದ್ದು, ಓಡಲಿಲ್ಲ. ಒಪ್ಪಿದೆ. ಅದರ ನಾಯಕ ಹ್ಯಾರಿಸನ್ ಫೋರ್ಡ್‌ಗೆ ಆಗ 80 ವರ್ಷ. ನನಗೆ ಆ ಸಿನಿಮಾ ಇಷ್ಟವಾಯಿತು, ಅದು ಬೇರೆ ಮಾತು. ಆದರೆ ಗುಡಿಯೊಳಗೆ ಜೀಪು ಓಡಿಸಲು 80 ವರ್ಷದವರು ಬರಬೇಕಿಲ್ಲವಲ್ಲ. ಸ್ಟಂಟ್ ಶೋದಲ್ಲಿ ಆ ಟೋಪಿ, ಆ ಚಾವಟಿ ಹಾಕಿಕೊಂಡು ಹಗ್ಗದಿಂದ ಇಳಿದ ಹುಡುಗ ಯಾರೋ ನನಗೆ ಗೊತ್ತಿಲ್ಲ. ನನ್ನ ಮಗನಿಗೆ ಇಂಡಿಯಾನಾ ಜೋನ್ಸ್ ಅಂದರೆ ಅವನೇ.

ಚಿಕ್ಕವಳಿದ್ದಾಗ ಅಪ್ಪನ ತೊಡೆಯ ಮೇಲೆ ಮಲಗಿ ಯಕ್ಷಗಾನ ನೋಡಿದವಳು ನಾನು. ಅರ್ಥ ಹೇಳುವಾಗೆಲ್ಲ ನಿದ್ದೆ. ಪ್ರಸಂಗ ಯಾವುದು, ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಒಂದೂ ತಿಳಿಯುತ್ತಿರಲಿಲ್ಲ. ಆದರೆ ಚೆಂಡೆಯ ಪೆಟ್ಟು ಏರಿ, ತೆರೆಯ ಹಿಂದಿನಿಂದ ಬಣ್ಣದ ವೇಷದ ಆರ್ಭಟ ಕೇಳಿದರೆ ಕಂಬಳಿ ಎಸೆದು ಎದ್ದು ಕೂರುತ್ತಿದ್ದೆ. ಮಹಾಭಾರತ ಹಳೆಯದಾಯಿತು ಅಂತ ಅವತ್ತು ಆ ಬಯಲಿನಲ್ಲಿ ಯಾರಾದರೂ ಅಂದಿದ್ದರೆ ಅವರನ್ನು ಎಬ್ಬಿಸಿ ಮನೆಗೆ ಕಳಿಸುತ್ತಿದ್ದರು. ಶೋ ಮುಗಿದ ಮೇಲೆ ಅತ್ತೆ ತಾವಾಗಿಯೇ ಅಂದರು, “ನಮ್ಮ ಆಟದ ಥರವೇ ಇತ್ತು.” ಅವರಿಗೆ ಯಾರೂ ಏನೂ ವಿವರಿಸಿರಲಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಸರಣಿಯನ್ನು ನಾನು ಕಣ್ಣುಮುಚ್ಚಿ ಮೆಚ್ಚುವವಳಲ್ಲ. 1984ರ ಎರಡನೇ ಸಿನಿಮಾ ನನಗೆ ಇವತ್ತಿಗೂ ನೋವು ಕೊಡುತ್ತದೆ. ಭಾರತದಲ್ಲಿ ಅನುಮತಿ ಸಿಗದೆ ಶ್ರೀಲಂಕಾದ ಕ್ಯಾಂಡಿ ಕಡೆ ತೆಗೆದದ್ದು. ಭಾರತದ ಅರಮನೆಯೊಂದರ ಊಟದಲ್ಲಿ ಮಂಗನ ಮಿದುಳು ಬಡಿಸುವ ದೃಶ್ಯ ಇದೆಯಲ್ಲ, ಅದು. ಇಲ್ಲಿಗೆ ಬಂದ ಮೊದಲ ವರ್ಷ ಕೆಲಸದ ಜಾಗದಲ್ಲಿ ಒಬ್ಬಾಕೆ ನನ್ನ ಊಟದ ಡಬ್ಬಿ ನೋಡಿ ಅದರ ಬಗ್ಗೆ ಕೇಳಿದಳು. ಒಳಗಿದ್ದದ್ದು ಬೆಂಡೆಕಾಯಿ ಪಲ್ಯ. ಅವತ್ತು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಇಂಡಿಯಾನಾ ಜೋನ್ಸ್ ಪರವಾಗಿ ಮಾತಾಡಲು ನನಗೇನೂ ಹರಕೆ ಇಲ್ಲ. ಸಿನಿಮಾದ ತಪ್ಪು ಸಿನಿಮಾದ್ದು. ಆ ಜೀಪು, ಆ ಬಂಡೆ, ಆ ಗೋಡೆ ಮಾಡಿದವರ ಕೈಕೆಲಸ ಬೇರೆ. ಎರಡನ್ನೂ ನಾನು ಬೇರೆ ಬೇರೆಯಾಗಿ ನೋಡಬಲ್ಲೆ.

ಡೈನೋಸಾರ್ ಹೋದದ್ದಕ್ಕೆ ಬೇಜಾರಿದೆ. 1998ರಿಂದ ಇದ್ದ ರೈಡ್, 2026ರ ಫೆಬ್ರವರಿಯಲ್ಲಿ ಮುಚ್ಚಿತು. ಹೋದ ಸಲ ಬಂದಾಗ ಮಗ ಅದರಲ್ಲಿ ಕಣ್ಣು ತೆರೆದಿರಲೇ ಇಲ್ಲ, ಈ ಸಲ ತೆರೆಯುತ್ತೇನೆ ಅಂದಿದ್ದ. ಆದರೆ ವಿಷಯ ಏನೆಂದರೆ, ಅದರ ಗಾಡಿ, ಅದರ ದಾರಿ ಎರಡೂ ಹೆಚ್ಚುಕಡಿಮೆ ಕ್ಯಾಲಿಫೋರ್ನಿಯಾದ ಇಂಡಿಯಾನಾ ಜೋನ್ಸ್ ರೈಡಿನದ್ದೇ. ಆ ಅಡಿಪಾಯದ ಮೇಲೇ ಈಗ ಮಾಯಾ ಜನರ ಗುಡಿ ಕಟ್ಟುತ್ತಿದ್ದಾರೆ. ಎಲುಬು ಗಟ್ಟಿ ಇದೆ ಅನ್ನುವುದು ನಮಗೆ ಮೊದಲೇ ಗೊತ್ತು.

ನನಗಿರುವ ಭಯ ಬೇರೆ. ಅದೇ ಪಾರ್ಕಿನಲ್ಲಿ ಎವರೆಸ್ಟ್ ಅನ್ನುವ ರೋಲರ್ ಕೋಸ್ಟರ್ ಇದೆ, 2006ರದ್ದು. ಯಾವ ಸಿನಿಮಾದ ಹೆಸರೂ ಅದಕ್ಕಿಲ್ಲ. ಒಳಗೆ ದೈತ್ಯ ಯೇತಿಯ (ಹಿಮಮಾನವನ) ಬೊಂಬೆ ಕೈ ಬೀಸಿ ನಮ್ಮನ್ನು ಹಿಡಿಯಲು ಬರಬೇಕು. ತೆರೆದ ಕೆಲವೇ ತಿಂಗಳಿಗೆ ಅದರ ಚಲನೆ ನಿಂತಿತು. ಅಂದಿನಿಂದ ದೀಪ ಮಿನುಗಿಸಿ ಚಲಿಸಿದ ಹಾಗೆ ತೋರಿಸುತ್ತಾರೆ. ಹೊಸ ಗುಡಿಗೂ ಹೀಗಾದರೆ? ಮೊದಲ ವರ್ಷ ಎಲ್ಲ ಕುಣಿದು, ಮೂರನೇ ವರ್ಷಕ್ಕೆ ಒಂದೊಂದೇ ಬೊಂಬೆ ಕೈ ಎತ್ತುವುದನ್ನು ಬಿಟ್ಟರೆ? ಆಗ ಬಂದು ಅಂತಾರೆ, ನೋಡಿದ್ರಾ, ಹಳೇ ಸಿನಿಮಾ, ಓಡಲಿಲ್ಲ. ಎಣ್ಣೆ ಹಾಕದೆ ಗಾಡಿ ನಿಂತರೆ ಗಾಡಿಯ ಮೇಲೆ ಬರೆದ ಹೆಸರನ್ನು ಬೈಯುವುದೇ?

ಕಾಮೆಂಟಿನಲ್ಲಿ ಜಗಳಕ್ಕೆ ಬನ್ನಿ, ಬೇಡ ಅನ್ನಲ್ಲ. ಆದರೆ ಒಂದು ಸಲ ಆ ಬೆಂಚಿನ ಮೇಲೆ ಯಾವುದಾದರೂ ಮಗುವಿನ ಪಕ್ಕ ಕೂತು ಬನ್ನಿ.

ನಿನ್ನೆ ಮನೆಗೆ ಬಂದ ತಕ್ಷಣ ಮಗ ಆ ಸಿನಿಮಾ ಹಾಕು ಅಂತ ಹಠ ಹಿಡಿದ. 1981ರ ಮೊದಲನೆಯದನ್ನು ಹಾಕಿದೆ. ಅತ್ತೆಯೂ ಕಾಲು ಚಾಚಿಕೊಂಡು ಕೂತರು. ಗುಹೆ, ಬೊಂಬೆ, ಬಂಡೆ. ನಾಯಕ ಹೊರಗೆ ಜಿಗಿದ, ಬಂಡೆ ಬಾಗಿಲಿಗೆ ಬಂದು ಕೂತಿತು. ಮಗ ನನ್ನ ಕಡೆ ತಿರುಗಿ ಕೇಳಿದ, “ಈಗ ಅವರು ಬಂದು ಅದನ್ನ ಮೇಲಕ್ಕೆ ತಳ್ಕೊಂಡು ಹೋಗ್ತಾರೆ ಅಲ್ವಾ ಅಮ್ಮ?”